ಹೊಗೆ ಬಿಡುವುದನ್ನು ಬಿಟ್ಟ ದೆಹಲಿ ಬಸ್ಸುಗಳು

ಡೀಸೆಲ್ ಸೈಕಲ್ಲಿನ ಪಿ-ವಿ ಚಿತ್ರ ಬಿಡಿಸಿ, ಎಫಿಶಿಯೆನ್ಸಿ ಲೆಕ್ಕ ಹಾಕಿ ನಮ್ಮಲ್ಲಿ ಎಷ್ಟೋ ಜನ ಮಾರ್ಕ್ಸ್ ತಗೊಂಡಿದ್ದೇವೆ. ಆದರೆ ಆ ಚಿತ್ರದಲ್ಲಿ ಹೊಗೆ ಎಲ್ಲೂ ಕಾಣೋದಿಲ್ಲ. ಅದು ಕಾಣೋದು ಬಸ್ ಸ್ಟಾಪಿನಲ್ಲಿ, ಮೂಗಿಗೆ ಕರ್ಚೀಫು ಹಿಡಿದಾಗ. ಆ ಹೊಗೆಯ ವಿರುದ್ಧ ಹೋರಾಡಿ ಒಂದು ಮಹಾನಗರದ ಬಸ್ಸುಗಳ ಇಂಧನವನ್ನೇ ಬದಲಾಯಿಸಿದ ಕಥೆ ನಮ್ಮ ಸಿಲಬಸ್ಸಿನಲ್ಲಿಲ್ಲ. ಈ ಸಲ ಅದನ್ನು ಓದೋಣ.

ಮೊದಲು ಸ್ವಲ್ಪ ಕೆಮಿಸ್ಟ್ರಿ

ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಸಣ್ಣ ಹನಿಗಳಾಗಿ ಬಿಸಿ ಗಾಳಿಯೊಳಗೆ ಸಿಂಪಡಿಸುತ್ತಾರೆ. ಹನಿಯ ಸುತ್ತ ಆಮ್ಲಜನಕ ಸಾಲದ ಕಡೆ ಇಂಧನ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಡೀಸೆಲ್‌ನಲ್ಲಿರುವ ಗಂಧಕ ಸಲ್ಫೇಟ್ ಕಣಗಳನ್ನು ಸೇರಿಸುತ್ತದೆ. ಈ ಕಣಗಳು ಎಷ್ಟು ಸಣ್ಣವೆಂದರೆ ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿತು.

ಸಿಎನ್‌ಜಿ ಅಂದರೆ ಬಹುಪಾಲು ಮೀಥೇನ್. ಒಂದೇ ಕಾರ್ಬನ್ ಇರುವ ಅಣು. ಮೊದಲೇ ಗಾಳಿಯೊಂದಿಗೆ ಬೆರೆತು ಉರಿಯುವುದರಿಂದ ಮಸಿ ಬಹಳ ಕಡಿಮೆ. ಹಾಗಂತ ಪೂರ್ತಿ ಶುದ್ಧ ಅಂತಲ್ಲ. ನೈಟ್ರೋಜನ್ ಆಕ್ಸೈಡ್‌ಗಳು ಬರುತ್ತವೆ, ಸೋರಿದ ಮೀಥೇನ್ ಭೂಮಿಯನ್ನು ಬಿಸಿ ಮಾಡುತ್ತದೆ.

ಕೋರ್ಟಿಗೆ ಹೋದ ಹೊಗೆ

ವಕೀಲ ಎಂ.ಸಿ. ಮೆಹ್ತಾ ದೆಹಲಿಯ ವಾಯುಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋಗಿದ್ದು 1985ರಲ್ಲಿ. ಕೇಸು ವರ್ಷಗಟ್ಟಲೆ ಎಳೆಯಿತು. 1996ರಲ್ಲಿ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 'ಸ್ಲೋ ಮರ್ಡರ್' ಎಂಬ ವರದಿ ಹೊರತಂದಿತು. ಅದು ಬೈದದ್ದು ಡ್ರೈವರುಗಳನ್ನಲ್ಲ. ಹಳೇ ಎಂಜಿನ್, ಕೆಟ್ಟ ಇಂಧನ, ಸಡಿಲ ನಿಯಮ ಎಲ್ಲವನ್ನೂ ಬಿಡಿಸಿಟ್ಟಿತು. ಆ ಸಂಸ್ಥೆ ಕಟ್ಟಿದ ಅನಿಲ್ ಅಗರ್‌ವಾಲ್ ಯಾರು ಗೊತ್ತಾ? ಕಾನ್ಪುರ ಐಐಟಿಯಲ್ಲಿ ಮೆಕ್ಯಾನಿಕಲ್ ಓದಿದವರು. ನಮ್ಮವರೇ!

1998ರ ಜುಲೈ 28ರಂದು ಕೋರ್ಟ್ ಆದೇಶ ಕೊಟ್ಟಿತು: 2001ರ ಮಾರ್ಚ್ 31ರೊಳಗೆ ದೆಹಲಿಯ ಎಲ್ಲಾ ಬಸ್ಸುಗಳೂ ಸಿಎನ್‌ಜಿಗೆ ಬದಲಾಗಬೇಕು.

ಆದೇಶ ಬಂತು, ಗ್ಯಾಸ್ ಬರಲಿಲ್ಲ

ಗಡುವು ಹತ್ತಿರ ಬಂದರೂ ಬೇಕಾದಷ್ಟು ಬಸ್ಸೂ ಇಲ್ಲ, ಪಂಪೂ ಇಲ್ಲ. ಗ್ಯಾಸಿಗಾಗಿ ಮೈಲುಗಟ್ಟಲೆ ಕ್ಯೂ. ಬಸ್ಸಿಲ್ಲದೆ ಜನ ಪರದಾಡಿದರು. ಸರಿಯಾಗಿ ಪರಿವರ್ತಿಸದ ಕೆಲವು ಬಸ್ಸುಗಳಿಗೆ ಬೆಂಕಿಯೂ ಬಿತ್ತು. ಸುಮಾರು 200 ಬಾರ್ ಒತ್ತಡದ ಸಿಲಿಂಡರನ್ನು ಹೇಗೋ ಕಟ್ಟಿ ಕಳಿಸಿದರೆ ಆಗುತ್ತದೆಯೇ?

ಗಂಧಕ ಕಡಿಮೆ ಇರುವ ಡೀಸೆಲ್ ಸಾಕು ಎಂದು ಇನ್ನೊಂದು ಬಣ ವಾದಿಸಿತು. ಆ ವಾದ ಪೂರ್ತಿ ತಪ್ಪಲ್ಲ. ಗಂಧಕ ಇಳಿದರೆ ಮಾತ್ರ ಹೊಗೆ ಸೋಸುವ ಫಿಲ್ಟರು, ಕ್ಯಾಟಲಿಸ್ಟು ಸರಿಯಾಗಿ ಕೆಲಸ ಮಾಡೋದು. ಆದರೆ 10 ಪಿಪಿಎಂ ಗಂಧಕದ ಡೀಸೆಲ್ ದೇಶವಿಡೀ ಕಡ್ಡಾಯವಾಗಿದ್ದು 2020ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ಉಸಿರು ಹಿಡಿದುಕೊಂಡು ಕೂರೋದು ಹೇಗೆ? ಮೇಲಾಗಿ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಬಹುದು. ಗ್ಯಾಸಿಗೆ ಬೆರೆಸೋದು ಅಷ್ಟು ಸುಲಭವಲ್ಲ.

ಗಡುವು ಜಾರಿತು. 2002ರ ಏಪ್ರಿಲ್ 5ರಂದು ಕೋರ್ಟ್ ಡೀಸೆಲ್ ಬಸ್ಸುಗಳಿಗೆ ದಿನಕ್ಕೆ 500 ರೂಪಾಯಿ, 30 ದಿನ ಕಳೆದ ಮೇಲೆ 1000 ರೂಪಾಯಿ ದಂಡ ಹಾಕಿತು. ಆ ವರ್ಷದ ಡಿಸೆಂಬರ್ ಹೊತ್ತಿಗೆ ನಗರ ಸಾರಿಗೆಯ ಡೀಸೆಲ್ ಬಸ್ಸುಗಳು ರಸ್ತೆಯಿಂದ ಹೋದವು. ಅದನ್ನು ನೋಡಲು ಅಗರ್‌ವಾಲ್ ಇರಲಿಲ್ಲ. ಕ್ಯಾನ್ಸರ್‌ನಿಂದ ಬಳಲುತ್ತಲೇ ಹೋರಾಡಿದ ಅವರು 2002ರ ಜನವರಿ 2ರಂದು ತೀರಿಕೊಂಡಿದ್ದರು.

ಮರೆತುಹೋದ ಇನ್ನೊಂದು ಸಾಲು

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದೆಹಲಿಯ ಗಾಳಿ ಇವತ್ತು ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ಹೋರಾಟ ದಂಡವಾಯ್ತಾ? ಇಲ್ಲ. ಬಸ್ಸಿನ ಕಪ್ಪು ಹೊಗೆ ನಿಜಕ್ಕೂ ಹೋಯಿತು. ಆದರೆ ಹೊಲದ ಕೂಳೆ ಸುಡುವ ಹೊಗೆ, ಧೂಳು, ಕಾರ್ಖಾನೆ ಎಲ್ಲಾ ಉಳಿದವು. ಕಾರು, ಬೈಕುಗಳು ಬೆಳೆಯುತ್ತಲೇ ಹೋದವು.

1998ರ ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು: 2001ರ ಏಪ್ರಿಲ್ 1ರೊಳಗೆ ಬಸ್ಸುಗಳ ಸಂಖ್ಯೆ 10,000ಕ್ಕೆ ಏರಬೇಕು. ಇಂಧನ ಬದಲಾಯಿತು. ಆದರೆ ಎಷ್ಟೋ ವರ್ಷಗಳ ಮೇಲೂ ದೆಹಲಿಯ ಸರ್ಕಾರಿ ವ್ಯವಸ್ಥೆಯ ಬಸ್ಸುಗಳು ಆ ಸಂಖ್ಯೆಗಿಂತ ಎಷ್ಟೋ ಕೆಳಗೇ ಇದ್ದವು.

ಒಂದು ಸಣ್ಣ ಲೆಕ್ಕ ಮಾಡಿ. ಬಸ್ಸಿನಲ್ಲಿ 60 ಜನ ಇದ್ದಾರೆ, ಬಸ್ಸು ಬರಲಿಲ್ಲ. ಕಾರಿಗೆ ಸರಾಸರಿ ಒಂದೂವರೆ ಜನ ಎಂದುಕೊಂಡರೆ 40 ಕಾರುಗಳು ರಸ್ತೆಗಿಳಿಯುತ್ತವೆ. ಬಸ್ಸು ಎಷ್ಟೇ ಶುದ್ಧವಾಗಿದ್ದರೂ ಅದು ಬರದೇ ಹೋದರೆ ಗಾಳಿಗೆ ಏನು ಲಾಭ?

ಈಗ ಎಲ್ಲಾ ಕಡೆ ಎಲೆಕ್ಟ್ರಿಕ್ ಬಸ್ಸಿನ ಮಾತು. ನಾವೂ ಅದರ ಪರವೇ. ಆದರೆ ಕೇಳುವಾಗ ದೆಹಲಿಯನ್ನು ನೆನಪಿಟ್ಟುಕೊಂಡು ಕೇಳೋಣ: ಚಾರ್ಜಿಂಗ್ ಪಾಯಿಂಟ್ ಎಷ್ಟು? ರಿಪೇರಿ ಕಲಿತವರು ಎಷ್ಟು ಜನ? ಹಳೇ ಬಸ್ಸು ಹೋದ ದಿನವೇ ಹೊಸದು ಬರುತ್ತಾ? ಒಟ್ಟು ಬಸ್ಸು ಹೆಚ್ಚಾಗುತ್ತಾ, ಕಡಿಮೆಯಾಗುತ್ತಾ? ಮುಂದಿನ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಕಾಲೇಜಿನ ಸ್ಟಾಪಿನಲ್ಲಿ ಒಂದು ವಾರ ಬಸ್ಸು ಎಣಿಸುವುದರಿಂದಲೇ ಶುರು ಮಾಡಬಹುದು.