ಒಬ್ಬರೇ ಹೊರಟರೆ: ಕೆತ್ತಿಯಿಂದ ಕಡಲ ತೀರಕ್ಕೆ

ಕೆತ್ತಿಯಲ್ಲಿ ನಿಂತು ಸುತ್ತ ನೋಡಿ. ಬೆಟ್ಟ ಕಾಣುತ್ತದೆ. ಚಹಾ ತೋಟ ಕಾಣುತ್ತದೆ. ಕ್ಯಾರೆಟ್ ಹೊಲ ಕಾಣುತ್ತದೆ. ಕಡಲು ಮಾತ್ರ ಕಾಣುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಕಡಲನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದ್ದೇವೆ. "ಯಾರಾದರೂ ಕರೆದುಕೊಂಡು ಹೋದರೆ ನೋಡೋಣ" ಅಂತ ಕಾಯುತ್ತೇವೆ. ಮಗನಿಗೆ ರಜೆ ಸಿಗುವುದಿಲ್ಲ. ಮಗಳಿಗೆ ಮನೆ ಕೆಲಸ ಮುಗಿಯುವುದಿಲ್ಲ. ವರ್ಷ ಕಳೆದುಹೋಗುತ್ತದೆ.

ಈಗ ನಿಮಗೆ ಓದು ಬಂದಿದೆ, ಬರಹ ಬಂದಿದೆ. ಹಾಗಾದರೆ ಒಬ್ಬರೇ ಹೋಗಿ ಬರಬಹುದೇ? ಬರಬಹುದು. ಒಂದು ನೋಟ್ ಪುಸ್ತಕ ಮತ್ತು ಪೆನ್ನು ತೆಗೆದುಕೊಳ್ಳಿ. ಪ್ರಯಾಣವನ್ನು ಮೊದಲು ಪುಸ್ತಕದಲ್ಲಿ ಬರೆಯೋಣ.

ಎಲ್ಲಿಗೆ ಹೋಗೋಣ?

ಮಹಾಬಲಿಪುರಕ್ಕೆ ಹೋಗೋಣ. ಇದನ್ನು ಮಾಮಲ್ಲಪುರ ಎಂದೂ ಕರೆಯುತ್ತಾರೆ. ಚೆನ್ನೈನ ದಕ್ಷಿಣಕ್ಕೆ, ಕಡಲ ದಡದಲ್ಲೇ ಈ ಊರಿದೆ. ಕಡಲೂ ಉಂಟು, ಹಳೆಯ ಕಲ್ಲಿನ ಗುಡಿಗಳೂ ಉಂಟು. ಇವನ್ನು ಮಾಡಿಸಿದವರು ಪಲ್ಲವ ರಾಜರು. ಸುಮಾರು 1,300 ವರ್ಷ ಹಿಂದಿನ ಕೆಲಸ ಇದು.

ಅಲ್ಲಿ ಐದು ರಥಗಳಿವೆ. ಇವು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದವಲ್ಲ. ನೆಲದಲ್ಲಿದ್ದ ಬಂಡೆಯನ್ನೇ ಕೊರೆದು ಮಾಡಿದವು. ಪಾಂಡವರ ಹೆಸರು ಆಮೇಲೆ ಬಂದದ್ದು. ಕಡಲ ತೀರದ ಗುಡಿ ಹಾಗಲ್ಲ, ಅದು ಕಲ್ಲು ಜೋಡಿಸಿ ಕಟ್ಟಿದ್ದು. ಉಪ್ಪು ಗಾಳಿಗೆ ಅದರ ಕೆತ್ತನೆ ಸವೆದಿದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗಲೂ ಗುಡಿ ಉಳಿಯಿತು.

ಕನ್ನಡ ನಾಡಿಗೂ ಈ ಊರಿಗೂ ಹಳೆಯ ನಂಟಿದೆ. ಬಾದಾಮಿಯ ಇಮ್ಮಡಿ ಪುಲಕೇಶಿಯನ್ನು 642ರಲ್ಲಿ ಸೋಲಿಸಿದವನು ಪಲ್ಲವರ ಒಂದನೇ ನರಸಿಂಹವರ್ಮ. ಅವನ ಬಿರುದು 'ಮಾಮಲ್ಲ'. ಅದರಿಂದಲೇ ಮಾಮಲ್ಲಪುರ.

ಇನ್ನೊಂದು ಮಾತು. ಮಹಾಬಲಿಪುರದ ಗುಡಿಗಳು 1984ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೆತ್ತಿ ನಿಲ್ದಾಣದಲ್ಲಿ ನಿಲ್ಲುವ ನಮ್ಮ ನೀಲಗಿರಿ ರೈಲು 2005ರಲ್ಲಿ ಅದೇ ಪಟ್ಟಿಗೆ ಸೇರಿತು. ನೋಡಲು ಜಗತ್ತೇ ಬರುವ ಊರಿನಿಂದ ನೀವು ಅಂಥದ್ದೇ ಇನ್ನೊಂದು ಊರಿಗೆ ಹೊರಟಿದ್ದೀರಿ.

ಹೇಗೆ ಹೋಗುವುದು?

ದಾರಿ ಎರಡು. ಮೆಟ್ಟುಪಾಳ್ಯದಲ್ಲಿ ರಾತ್ರಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಚೆನ್ನೈ. ಇದಕ್ಕೆ ಖರ್ಚು ಕಡಿಮೆ. ಕೊಯಮತ್ತೂರಿನಿಂದ ವಿಮಾನದಲ್ಲೂ ಹೋಗಬಹುದು. ಹಾರಾಟ ಸುಮಾರು ಒಂದು ಗಂಟೆ.

'ಹೊಸ ನೇರ ವಿಮಾನ' ಎಂಬ ಜಾಹೀರಾತು ಪೇಪರಿನಲ್ಲಿ ಬರುತ್ತದೆ. ನೇರ ಎಂದರೆ ನಡುವೆ ವಿಮಾನ ಬದಲಿಸಬೇಕಾಗಿಲ್ಲ. ಆದರೆ ಹೊಸ ವಿಮಾನ ಎಲ್ಲವೂ ಉಳಿಯುವುದಿಲ್ಲ. ಪುದುಚೇರಿಗೆ ಬರುತ್ತಿದ್ದ ವಿಮಾನ 2024ರ ಮಾರ್ಚ್‌ನಲ್ಲಿ ನಿಂತಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೇರೆ ಕಂಪನಿಯ ವಿಮಾನ ಶುರುವಾಯಿತು. ಆದ್ದರಿಂದ ಹಳೆಯ ಪೇಪರ್ ನಂಬಬೇಡಿ. ನೀವು ಹೋಗುವ ದಿನ ವಿಮಾನ ಇದೆಯೇ, ಬರುವ ದಿನವೂ ಇದೆಯೇ, ಎರಡನ್ನೂ ಕೇಳಿ ಬರೆದುಕೊಳ್ಳಿ.

ಟಿಕೆಟ್ ಓದುವುದು

ಟಿಕೆಟ್ ಕೈಗೆ ಬಂದ ಕೂಡಲೇ, ಅಂಗಡಿ ಬಿಡುವ ಮೊದಲೇ, ನಾಲ್ಕು ವಿಷಯ ನೋಡಿ.

1. ಹೆಸರು: ಆಧಾರ್ ಕಾರ್ಡಿನಲ್ಲಿ ಇರುವ ಹಾಗೆಯೇ ಟಿಕೆಟ್‌ನಲ್ಲೂ ಇರಬೇಕು. ಇಂಗ್ಲಿಷ್ ಬಾರದಿದ್ದರೂ ಚಿಂತೆ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ತಪ್ಪಿದ್ದರೆ ಅಲ್ಲೇ ಹೇಳಿ.

2. ತಾರೀಖು: ಹೋಗುವುದು, ಬರುವುದು ಎರಡೂ ನೋಡಿ.

3. ಸಮಯ: ಟಿಕೆಟ್‌ನಲ್ಲಿ 24 ಗಂಟೆಯ ಲೆಕ್ಕ ಇರುತ್ತದೆ. 13ರಿಂದ 23ರವರೆಗಿನ ಗಂಟೆಗೆ 12 ಕಳೆಯಿರಿ. 18:40 ಎಂದರೆ ಸಂಜೆ 6:40. ಇಲ್ಲಿ ತುಂಬಾ ಜನ ಎಡವುತ್ತಾರೆ: 12ನೇ ತಾರೀಖು 00:15 ಎಂದಿದ್ದರೆ, ನೀವು 11ರ ರಾತ್ರಿಯೇ ವಿಮಾನ ನಿಲ್ದಾಣದಲ್ಲಿ ಇರಬೇಕು. 12ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ.

4. ಹಣ: ಜಾಹೀರಾತಿನ ದರ ನೋಡಿ ಮರುಳಾಗಬೇಡಿ. ಎಲ್ಲಾ ಸೇರಿ ಕೊನೆಗೆ ಕೊಡುವ ಮೊತ್ತವೇ ನಿಜವಾದ ದರ.

ಹಣದ ಲೆಕ್ಕ

ಇದು ಲೆಕ್ಕ ಕಲಿಯಲು ಹಾಕಿದ ಅಂಕಿ. ವಿಮಾನದ ದರ ದಿನದಿನಕ್ಕೂ ಬದಲಾಗುತ್ತದೆ.

ವಿಮಾನ, ಹೋಗಿ ಬರಲು: 6,000 ರೂ.
ಬಸ್ಸು, ಟ್ಯಾಕ್ಸಿ: 3,500 ರೂ.
ಕೋಣೆ, 2 ರಾತ್ರಿ: 2,400 ರೂ.
ಊಟ, 3 ದಿನ: 900 ರೂ.
ಗುಡಿಯ ಟಿಕೆಟ್, ಇತರೆ: 200 ರೂ.
ಒಟ್ಟು: 13,000 ರೂ.

ಇದರ ಮೇಲೆ 2,000 ರೂಪಾಯಿ ಕೈಕಾವಲಿಗೆ ಇರಲಿ. ಅದನ್ನು ಬೇರೆ ಜಾಗದಲ್ಲಿ ಇಡಿ. ಹಣ ಸಾಲದಿದ್ದರೆ ಒಂದು ಕಡೆ ವಿಮಾನ, ಒಂದು ಕಡೆ ರೈಲು ಮಾಡಿ. ಈ ಪ್ರಯಾಣಕ್ಕೆ ಸಾಲ ಮಾಡಬೇಡಿ.

ಯಾವಾಗ ಹೋಗುವುದು?

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕಡೆ ಮಳೆ, ಕೆಲವು ಸಲ ಚಂಡಮಾರುತ. ಮೇ ತಿಂಗಳ ಬಿಸಿಲು ಬೆಟ್ಟದವರಿಗೆ ತಡೆಯದು. ಜನವರಿ, ಫೆಬ್ರವರಿ ಒಳ್ಳೆಯದು. ಸ್ವೆಟರ್ ಮೆಟ್ಟುಪಾಳ್ಯದವರೆಗೆ ಸಾಕು. ಆಮೇಲೆ ಹತ್ತಿ ಬಟ್ಟೆ.

ಹೊರಡುವ ದಿನ

ಕೆತ್ತಿಯಿಂದ ಕೊಯಮತ್ತೂರು ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಬೇಕೇ ಬೇಕು. ಘಾಟಿಯಲ್ಲಿ ಮರ ಬಿದ್ದರೆ ಇನ್ನೂ ಹೆಚ್ಚು. ವಿಮಾನ ಹೊರಡುವ ಎರಡು ಗಂಟೆ ಮೊದಲು ಅಲ್ಲಿರಿ. ಹಾಗಾದರೆ ಮನೆ ಬಿಡುವುದು ಯಾವಾಗ? ಆರು ಗಂಟೆ ಮೊದಲು ಬಿಡಿ. ಅಲ್ಲಿ ಕೂತು ಕಾಯುವುದು ನಷ್ಟವಲ್ಲ.

ಬಾಗಿಲಲ್ಲಿ ಟಿಕೆಟ್, ಆಧಾರ್ ತೋರಿಸಿ. ಕೈಚೀಲದಲ್ಲಿ ಚಾಕು, ಕತ್ತರಿ, ಬೆಂಕಿಪೆಟ್ಟಿಗೆ ಬೇಡ. ಒಣ ಕೊಬ್ಬರಿಯನ್ನೂ ಒಯ್ಯಬೇಡಿ. ಅದರಲ್ಲಿ ಎಣ್ಣೆ ಇದೆ, ಬೇಗ ಬೆಂಕಿ ಹತ್ತುತ್ತದೆ.

ಅಲ್ಲಿಯ ಬೋರ್ಡುಗಳಲ್ಲಿ ಕನ್ನಡ ಇಲ್ಲವಲ್ಲ, ಏನು ಮಾಡುವುದು? ಹೆದರಬೇಡಿ. ಅಂಕಿ ಎಲ್ಲಾ ಕಡೆ ಒಂದೇ. ವಿಮಾನದ ನಂಬರು, ಗೇಟಿನ ನಂಬರು, ಸೀಟಿನ ನಂಬರು, ಮೂರನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಬೋರ್ಡಿನ ಅಂಕಿ ಜೊತೆ ತಾಳೆ ನೋಡಿ. ಬಾಯಿಗೆ ತಮಿಳು ಬರುತ್ತದೆ, ಸಮವಸ್ತ್ರ ತೊಟ್ಟ ಸಿಬ್ಬಂದಿಯನ್ನು ಕೇಳಿ. ಕೇಳುವುದು ನಾಚಿಕೆಯ ಕೆಲಸವಲ್ಲ.

ಚೆನ್ನೈ ವಿಮಾನ ನಿಲ್ದಾಣದಿಂದ ಮಹಾಬಲಿಪುರ ಸುಮಾರು 50 ಕಿ.ಮೀ. ಟ್ಯಾಕ್ಸಿ ಹತ್ತುವ ಮೊದಲು ಬಾಡಿಗೆ ಕೇಳಿ. ಗಾಡಿಯ ನಂಬರು ಬರೆದು ಮನೆಗೆ ಫೋನ್ ಮಾಡಿ ಹೇಳಿ. ಹಗಲಿನಲ್ಲೇ ತಲುಪುವ ಹಾಗೆ ನೋಡಿಕೊಳ್ಳಿ. ಕೋಣೆಯ ಬಾಗಿಲಿಗೆ ಚಿಲಕ ಸರಿ ಇದೆಯೇ ನೋಡಿ ಆಮೇಲೆ ಹಣ ಕೊಡಿ. ಆಪತ್ತಿಗೆ 112, ಮಹಿಳೆಯರಿಗೆ 181. ಈ ಎರಡು ನಂಬರು ಪುಸ್ತಕದ ಮೊದಲ ಪುಟದಲ್ಲಿರಲಿ.

ಕಡಲಿನ ಸೆಳೆತ ಬಲವಾದದ್ದು. ನೋಡಲು ಶಾಂತವಾಗಿದ್ದರೂ ಎಳೆದುಕೊಳ್ಳುತ್ತದೆ. ಅಲೆಯಲ್ಲಿ ಕಾಲು ತೋಯಿಸಿ. ಆಳಕ್ಕೆ ಇಳಿಯಬೇಡಿ.

ಜನ ಏನೆಂದಾರು?

"ಒಬ್ಬರೇ ಯಾಕೆ ಹೋಗುತ್ತೀರಿ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಬರೆದಿಟ್ಟ ಪುಸ್ತಕವನ್ನು ಅವರ ಕೈಗೆ ಕೊಡಿ. ಯಾವ ದಿನ ಎಲ್ಲಿ ಇರುತ್ತೀರಿ, ಎಷ್ಟು ಹಣ ಇದೆ, ಯಾವಾಗ ಬರುತ್ತೀರಿ, ಎಲ್ಲಾ ಅದರಲ್ಲಿದೆ. ಒಂದು ನಕಲು ಮಾಡಿ ಮನೆಯಲ್ಲೂ ಇಡಿ. ಮನೆಯವರ ಭಯವೂ ಕಡಿಮೆಯಾಗುತ್ತದೆ, ನಿಮ್ಮ ಭಯವೂ ಕಡಿಮೆಯಾಗುತ್ತದೆ.

ಅಭ್ಯಾಸ

1. 21:05 ಎಂದರೆ ರಾತ್ರಿ ಎಷ್ಟು ಗಂಟೆ?
2. 8ನೇ ತಾರೀಖು 00:30ಕ್ಕೆ ವಿಮಾನ. ಮನೆ ಬಿಡುವುದು ಯಾವ ತಾರೀಖು?
3. ನಿಮ್ಮ ಬಳಿ 9,000 ರೂ. ಇದೆ. 15,000 ರೂ. ಆಗಲು ಇನ್ನೆಷ್ಟು ಬೇಕು? ತಿಂಗಳಿಗೆ 500 ರೂ. ಉಳಿಸಿದರೆ ಎಷ್ಟು ತಿಂಗಳು?
4. ನೀವು ನೋಡಬೇಕೆಂದಿರುವ ಒಂದು ಊರಿನ ಹೆಸರು ಬರೆಯಿರಿ. ಅಲ್ಲಿಗೆ ಹೋಗುವ ದಾರಿಯನ್ನು ಐದು ಸಾಲಿನಲ್ಲಿ ಬರೆಯಿರಿ.