ವೈದ್ಯರು ವಹಿಸಿಕೊಟ್ಟ ಕೆಲಸ

ಗಿರಣಿಯ ಕಚೇರಿಯಲ್ಲಿ ಮ್ಯಾನೇಜರರು ತಮ್ಮ ಅಧಿಕಾರದ ಒಂದು ಭಾಗವನ್ನು ಹೆಡ್ ಕ್ಲಾರ್ಕರಿಗೆ ಬರಹದ ಮೂಲಕ ವಹಿಸಿಕೊಡುವುದುಂಟು. ಇಂತಿಷ್ಟು ರೂಪಾಯಿಯವರೆಗಿನ ಬಿಲ್ಲನ್ನು ಅವರೇ ಮಂಜೂರು ಮಾಡಬಹುದು. ಅದಕ್ಕೆ ಮೀರಿದ್ದು ಮ್ಯಾನೇಜರರ ಮೇಜಿಗೇ ಹೋಗಬೇಕು. ವೈದ್ಯವೃತ್ತಿಯಲ್ಲಿಯೂ ಇಂಥದೇ ಏರ್ಪಾಡು ಕೆಲವು ದೇಶಗಳಲ್ಲಿದೆ. ಅದನ್ನು ತಿಳಿದರೆ, ಔಷಧದಂಗಡಿಯ ಮುಂದೆ ನಿಂತಾಗ ನಾವು ಏನು ಕೇಳಬೇಕು, ಏನು ಕೇಳಬಾರದು ಎಂಬುದೂ ಸ್ಪಷ್ಟವಾಗುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ೧೯೭೯ರಲ್ಲಿ ಈ ಪದ್ಧತಿಗೆ ಕಾನೂನಿನ ಒಪ್ಪಿಗೆ ದೊರೆಯಿತು. ವೈದ್ಯರೂ ಫಾರ್ಮಸಿಸ್ಟರೂ ಸೇರಿ ಒಂದು ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಾರೆ. ರೋಗವನ್ನು ಗುರುತಿಸುವವರು ವೈದ್ಯರು. ಒಪ್ಪಂದದ ಮೇರೆಯೊಳಗೆ ಔಷಧದ ಪ್ರಮಾಣವನ್ನು ಸರಿಪಡಿಸುವವರು ಫಾರ್ಮಸಿಸ್ಟರು.

ಒಂದು ಉದಾಹರಣೆ ನೋಡೋಣ. ರಕ್ತ ಹೆಪ್ಪುಗಟ್ಟದಂತೆ ತಡೆಯಲು ವಾರ್ಫರಿನ್ ಎಂಬ ಗುಳಿಗೆ ಕೊಡುತ್ತಾರೆ. ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಮೆಯಾದರೆ ಹೆಪ್ಪು. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿ ಬಹುಮಂದಿ ರೋಗಿಗಳಲ್ಲಿ ೨ರಿಂದ ೩ರ ಒಳಗಿರಬೇಕು. ಫಾರ್ಮಸಿಸ್ಟರು ಆ ಅಂಕಿಯನ್ನು ನೋಡಿ ಗುಳಿಗೆಯನ್ನು ಏರಿಸುತ್ತಾರೆ ಇಲ್ಲವೆ ಇಳಿಸುತ್ತಾರೆ, ಮಾಡಿದ್ದನ್ನು ಬರೆದಿಡುತ್ತಾರೆ. ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸುತ್ತಾರೆ.

ಲಸಿಕೆಯ ಕೆಲಸವೂ ಹೀಗೆಯೇ. ಅಮೆರಿಕದ ಫಾರ್ಮಸಿಸ್ಟರ ಸಂಘವು ೧೯೯೬ರಲ್ಲಿ ಲಸಿಕೆ ಹಾಕುವ ತರಬೇತಿಯನ್ನು ದೇಶವ್ಯಾಪಿಯಾಗಿ ಆರಂಭಿಸಿತು. ೨೦೦೯ರ ಹೊತ್ತಿಗೆ ಅಲ್ಲಿನ ೫೦ ರಾಜ್ಯಗಳೂ ಇದಕ್ಕೆ ಅನುಮತಿ ಕೊಟ್ಟಿದ್ದವು. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯಸೇವೆಯ ಫ್ಲೂ ಲಸಿಕೆ ೨೦೧೫ರಿಂದ ಔಷಧದಂಗಡಿಗಳಲ್ಲಿಯೂ ಸಿಗತೊಡಗಿತು. ಕೆಲಸಕ್ಕೆ ರಜೆ ಹಾಕದೆ ಸಂಜೆ ಹೋಗಿ ಚುಚ್ಚಿಸಿಕೊಂಡು ಬರಬಹುದಾದದ್ದು ದುಡಿಯುವವರಿಗೆ ಸಣ್ಣ ಅನುಕೂಲವಲ್ಲ. ಆದರೆ ಸೂಜಿ ಹಿಡಿಯಲು ಬಂದರಷ್ಟೇ ಸಾಲದು. ಫ್ಲೂ ಲಸಿಕೆಯನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಯ್ದಿಡಬೇಕು; ಹಿಂದೆ ಲಸಿಕೆಯಿಂದ ತೊಂದರೆಯಾಗಿತ್ತೇ ಎಂದು ವಿಚಾರಿಸಬೇಕು; ಮೈಗೆ ಒಗ್ಗದೆ ಉಸಿರು ಕಟ್ಟಿದರೆ ಕೊಡಲು ಅಡ್ರಿನಲಿನ್ ಕೈಯಳತೆಯಲ್ಲಿರಬೇಕು.

ಔಷಧ ಮಾರಿ ಲಾಭ ಪಡೆಯುವವರಿಗೇ ಔಷಧ ನಿರ್ಧರಿಸುವ ಅಧಿಕಾರ ಕೊಡಬಹುದೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದಲೇ ಲಿಖಿತ ಮೇರೆ, ತರಬೇತಿ, ದಾಖಲೆ ಈ ಮೂರೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಅಧಿಕಾರ ವಹಿಸಿಕೊಟ್ಟಂತಲ್ಲ, ರೋಗಿಯನ್ನು ಕೈಬಿಟ್ಟಂತೆ.

ನಮ್ಮ ದೇಶದಲ್ಲಿ ೧೯೪೮ರ ಫಾರ್ಮಸಿ ಕಾಯಿದೆಯ ಪ್ರಕಾರ ಫಾರ್ಮಸಿಸ್ಟರು ನೋಂದಾಯಿತರಾಗಿರಬೇಕು. ವೈದ್ಯರ ಚೀಟಿಯನ್ನು ತಾವಾಗಿ ತಿದ್ದುವ ಅಧಿಕಾರ ಅವರಿಗಿಲ್ಲ. ಷೆಡ್ಯೂಲ್ ಎಚ್ ಪಟ್ಟಿಯ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಔಷಧದ ಬಗೆಗೆ ರೋಗಿಗೆ ತಿಳಿಹೇಳುವುದು ೨೦೧೫ರ ನಿಯಮಾವಳಿಯಂತೆ ಅವರ ಕೆಲಸದ ಒಂದು ಭಾಗ. ಆದುದರಿಂದ ಸಂಕೋಚಪಡದೆ ಕೇಳಿರಿ: ಈ ಗುಳಿಗೆ ಯಾತಕ್ಕೆ? ಊಟಕ್ಕೆ ಮುಂಚೆಯೋ, ಆಮೇಲೋ? ಎಷ್ಟು ದಿನ? ಈಗ ತೆಗೆದುಕೊಳ್ಳುತ್ತಿರುವ ಬೇರೆ ಔಷಧಕ್ಕೆ ಇದು ಹೊಂದುತ್ತದೆಯೇ? ಒಂದು ಹೊತ್ತು ಮರೆತರೆ ಏನು ಮಾಡಬೇಕು?

ಗಲ್ಲೆಯ ಬಳಿ ನಿಂತ ಹುಡುಗ ಉತ್ತರ ಕೊಟ್ಟರೆ, "ಫಾರ್ಮಸಿಸ್ಟರು ಯಾರು?" ಎಂದು ವಿಚಾರಿಸಿ ಅವರನ್ನೇ ಕೇಳಿರಿ. "ಜ್ವರ ಬಂದಿದೆ, ಹೋದ ಸಲ ಕೊಟ್ಟ ಆಂಟಿಬಯಾಟಿಕ್ಕನ್ನೇ ಕೊಡಿ" ಎಂದು ಮಾತ್ರ ಕೇಳಬೇಡಿರಿ. ಆ ತೀರ್ಮಾನವನ್ನು ವೈದ್ಯರು ಅಂಗಡಿಗೆ ವಹಿಸಿಕೊಟ್ಟಿಲ್ಲ. ನಮಗಂತೂ ವಹಿಸಿಕೊಟ್ಟೇ ಇಲ್ಲ.