ಮಂಗಳೂರಿನ ಮಳೆಗಾಲದಲ್ಲಿ ಬಟ್ಟೆ ಒಗೆಯುವುದು, ಒಣಗಿಸುವುದು

ಬೇರೆ ಊರಿನಿಂದ ಬಂದು ಕದ್ರಿಯಲ್ಲೋ ಸುರತ್ಕಲ್ಲಿನಲ್ಲೋ ಹೊಸದಾಗಿ ಮನೆ ಮಾಡಿದವರು ಜೂನ್ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಬಟ್ಟೆ ಒಣಗಿಸುವುದು ಹೇಗೆ? ಮೂರು ದಿನ ಬಳ್ಳಿಯಲ್ಲಿ ತೂಗಿದರೂ ಒದ್ದೆ. ನಾಲ್ಕನೇ ದಿನ ಕಮಟು ವಾಸನೆ. ಆಮೇಲೆ ಕಾಲರಿನ ಒಳಗೆ ಕಪ್ಪು ಚುಕ್ಕೆಯ ಬೂಷ್ಟು. ಆ ಹೊತ್ತಿಗೆ ಡ್ರೈಯರ್ ತರುವ ಮಾತು ಮನೆಯಲ್ಲಿ ಎದ್ದಿರುತ್ತದೆ. ಅದಕ್ಕೆ ಮುಂಚೆ ಐದು ನಿಮಿಷ ಕೂತು, ಈ ಕೆಲಸದಲ್ಲಿ ಕರೆಂಟು ಎಲ್ಲಿ ಖರ್ಚಾಗುತ್ತದೆ ಅಂತ ನೋಡೋಣ.

ಒಗೆಯುವುದಕ್ಕೆ ಖರ್ಚು ಕಡಿಮೆ. ಡ್ರಮ್ ತಿರುಗಿಸುವ ಮೋಟಾರು ತಿನ್ನುವುದು ಅಲ್ಪ. ಹೆಚ್ಚು ತಿನ್ನುವುದು ನೀರು ಬಿಸಿ ಮಾಡುವ ಕೆಲಸ. 15 ಲೀಟರ್ ನೀರನ್ನು 27 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟಿಗಿಂತ ಹೆಚ್ಚು ಬೇಕು. ನಮ್ಮ ಟಾಂಕಿಯ ನೀರು ಚಳಿಗಾಲದಲ್ಲೂ ಕೈ ಕೊರೆಯುವಷ್ಟು ತಣ್ಣಗಿರುವುದಿಲ್ಲ, ಹಾಗಾಗಿ ದಿನನಿತ್ಯದ ಬಟ್ಟೆಗೆ ಬಿಸಿನೀರಿನ ಗುಂಡಿ ಒತ್ತುವ ಅಗತ್ಯವೇ ಇಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾಗ ಹಾಸಿಗೆ ಬಟ್ಟೆಗೆ, ಮಗುವಿನ ಬಟ್ಟೆಗೆ ಒತ್ತಿ, ತಪ್ಪಿಲ್ಲ.

ಸೋಪಿನ ಪುಡಿಯೂ ನಮಗೆ ಕಡಿಮೆ ಸಾಕು. ನಳ್ಳಿಯಲ್ಲಿ ಬರುವುದು ತುಂಬೆ ಅಣೆಕಟ್ಟಿನ ನೇತ್ರಾವತಿ ನೀರು, ಮೆದು ನೀರು. ಮುರಕಲ್ಲಿನ ಬಾವಿಯ ನೀರೂ ಹೆಚ್ಚಿನ ಕಡೆ ಹಾಗೆಯೇ. ಸಮುದ್ರದ ಹತ್ತಿರದ ಬಾವಿಗಳದ್ದು ಮಾತ್ರ ಬೇಸಗೆಯಲ್ಲಿ ಉಪ್ಪಾಗುತ್ತದೆ. ನಿಮ್ಮದು ಯಾವುದೆಂದು ತಿಳಿಯಲು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಾರ್ ಸೋಪಿನ ಒಂದು ಚೂರು ಹಾಕಿ ಕುಲುಕಿ. ನೊರೆ ಎದ್ದು ನಿಂತರೆ ಮೆದು ನೀರು. ನೊರೆಯಿಲ್ಲದೆ ಬಿಳಿ ಗಸಿ ಕೂತರೆ ಗಡಸು. ಮೆದು ನೀರಿಗೆ ಪೊಟ್ಟಣದಲ್ಲಿ ಹೇಳಿದ ಅಳತೆಯ ಅರ್ಧದಿಂದ ಶುರು ಮಾಡಿ. ಹೆಚ್ಚು ಹಾಕಿದ ಪುಡಿಯನ್ನು ತೊಳೆಯಲು ಹೆಚ್ಚು ನೀರು ಬೇಕು. 2019ರ ಮತ್ತು 2023ರ ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ತಳ ಕಂಡು ಸರದಿಯ ಮೇಲೆ ನೀರು ಬಿಟ್ಟದ್ದನ್ನು ನೋಡಿದವರಿಗೆ ಒಂದು ಬಕೆಟಿನ ಬೆಲೆ ಗೊತ್ತು.

ರೇಷ್ಮೆ ಸೀರೆಗೆ, ಪಂಚೆಗೆ ನಮ್ಮ ಕಡೆ ಇಂದಿಗೂ ಅಂಟುವಾಳಕಾಯಿ ಬಳಸುವವರಿದ್ದಾರೆ. ಎಂಟು ಹತ್ತು ಕಾಯಿ ಜಜ್ಜಿ, ಒಳಗಿನ ಕರಿ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ಒಂದು ತಂಬಿಗೆ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಕೈಯಿಂದ ಕಿವುಚಿದರೆ ಜೇನಿನ ಬಣ್ಣದ ನೀರಿನ ಮೇಲೆ ಸಣ್ಣ ಗುಳ್ಳೆಯ ದಟ್ಟ ನೊರೆ ಬರುತ್ತದೆ, ಬೆರಳುಗಳು ಜಾರತೊಡಗುತ್ತವೆ. ಸೋಸಿ ಬಳಸಿ. ನೊರೆ ಕೊಡುವುದು ಅದರಲ್ಲಿರುವ ಸಪೋನಿನ್. ಒಂದು ಎಚ್ಚರಿಕೆ: ಮರದಿಂದ ಬಂದದ್ದೆಂದು ಆ ನೀರನ್ನು ಕೆರೆಗೋ ತೋಡಿಗೋ ಚೆಲ್ಲಬೇಡಿ. ಸಪೋನಿನ್ ಮೀನಿಗೆ ವಿಷ. ತೆಂಗಿನ ಬುಡಕ್ಕೆ ಹಾಕಿ, ಅದೂ ನೀರು ನಿಲ್ಲದ ಹಾಗೆ. ಸೊಳ್ಳೆ ಸಾಕಿದರೆ ಮಲೇರಿಯಾ ಕರೆದ ಹಾಗೆ, ಈ ಊರು ಅದನ್ನು ಸಾಕಷ್ಟು ಕಂಡಿದೆ.

ಈಗ ಒಣಗಿಸುವ ಮಾತು. ಬಟ್ಟೆಯಲ್ಲಿ ಉಳಿದ ಒಂದು ಲೀಟರ್ ನೀರನ್ನು ಶಾಖದಿಂದ ಆವಿ ಮಾಡಲು ಸುಮಾರು 0.63 ಯೂನಿಟ್ ಬೇಕೇ ಬೇಕು. ಒದ್ದೆ ಯೂನಿಫಾರ್ಮನ್ನು ಇಸ್ತ್ರಿಪೆಟ್ಟಿಗೆಯಿಂದ ಒಣಗಿಸುವಾಗ ನಾವು ಮಾಡುವುದು ಇದನ್ನೇ. ಅದೇ ನೀರನ್ನು ಹಿಂಡಿ ತೆಗೆದರೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮಳೆಗಾಲದಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ: ಸ್ಪಿನ್ ಎರಡು ಸಲ ಹಾಕಿ. ಮೊದಲ ಸಲ ಮುಗಿದ ಮೇಲೆ ಬಟ್ಟೆ ಬಿಡಿಸಿ, ಕೊಡವಿ, ಮತ್ತೆ ಹರಡಿ ಹಾಕಿ. ಎರಡನೇ ಸಲ ಕೊಳವೆಯಲ್ಲಿ ಬರುವ ನೀರು ನೋಡಿದರೆ ನಿಮಗೇ ಆಶ್ಚರ್ಯವಾದೀತು. ಯಂತ್ರ ಇಲ್ಲದಿದ್ದರೆ ದಪ್ಪ ಟವೆಲಿನಲ್ಲಿ ಸುತ್ತಿ ಹಿಂಡಿ.

ಉಳಿದದ್ದು ಗಾಳಿಯ ಕೆಲಸ. ಮಳೆಗಾಲದಲ್ಲಿ ಇಲ್ಲಿನ ಗಾಳಿಯೇ ನೀರು ಕುಡಿದು ತುಂಬಿರುತ್ತದೆ. ಬಟ್ಟೆಯ ಸುತ್ತ ನಿಂತ ಗಾಳಿ ಇನ್ನೂ ತೇವವಾಗಿ, ಮತ್ತೆ ಕುಡಿಯಲಾರದೆ ಹೋಗುತ್ತದೆ. ಅದನ್ನು ಸರಿಸುತ್ತಲೇ ಇರಬೇಕು. ರಾತ್ರಿ ಹೇಗೂ ಫ್ಯಾನ್ ತಿರುಗುವ ಕೋಣೆಯಲ್ಲಿ ಬಟ್ಟೆಗಳ ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಹರಡಿ, ಗೋಡೆಗೆ ತಾಗಿಸಬೇಡಿ, ಒಂದು ಕಿಟಕಿ ಬೆರಳಷ್ಟಾದರೂ ತೆರೆದಿಡಿ. ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ, ಸೊಂಟದಿಂದ ತೂಗುಹಾಕಿ. ಹಳೆಯ ಫ್ಯಾನಿಗೆ ಸುಮಾರು 75 ವ್ಯಾಟ್, ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30. ಹತ್ತು ಗಂಟೆ ತಿರುಗಿದರೂ ಹೊಸದು ಮೂರನೇ ಒಂದು ಯೂನಿಟ್ ದಾಟದು.

ಗೃಹಜ್ಯೋತಿ ಯೋಜನೆಯಲ್ಲಿ ಹೆಚ್ಚಿನ ಮನೆಗಳಿಗೆ ಬಿಲ್ಲೇ ಬರುವುದಿಲ್ಲ, ಮತ್ತೇಕೆ ಇಷ್ಟು ಲೆಕ್ಕ ಎನ್ನುತ್ತಾರೆ ಕೆಲವರು. ಪಣಂಬೂರಿನ ಬಂದರಿನಲ್ಲಿ ಹಡಗಿನಿಂದ ಇಳಿಯುವ ಕಲ್ಲಿದ್ದಲನ್ನು ಒಮ್ಮೆ ನೋಡಿ ಬನ್ನಿ. ಅದರಲ್ಲಿ ಒಂದು ಪಾಲು ಪಡುಬಿದ್ರಿಯ ಪಕ್ಕದ ಎಲ್ಲೂರಿಗೆ ಹೋಗಿ, 1,200 ಮೆಗಾವ್ಯಾಟ್ ಸ್ಥಾವರದಲ್ಲಿ ಉರಿಯುತ್ತದೆ. ಬಿಲ್ಲು ಸೊನ್ನೆಯಾದರೂ ಬೂದಿ ಸೊನ್ನೆಯಾಗುವುದಿಲ್ಲ, ಅದು ಬೀಳುವುದು ನಮ್ಮದೇ ನೆರೆಯವರ ಗದ್ದೆಯಲ್ಲಿ.

ಬಟ್ಟೆ ಒಣಗಿತೋ ಇಲ್ಲವೋ ನೋಡಲು ಅಂಗೈ ಅಲ್ಲ, ಕೈಯ ಹಿಂಬದಿ ಇಡಿ. ಮೊದಲು ಸೊಂಟಪಟ್ಟಿ, ಆಮೇಲೆ ಕಿಸೆಯ ಮೂಲೆ. ಅಲ್ಲಿ ತಣ್ಣಗೆ ತಾಗಿದರೆ ಇನ್ನೊಂದು ರಾತ್ರಿ ತೂಗಲಿ. ಅಷ್ಟರೊಳಗೆ ಒಂದು ಗಳಿಗೆ ಬಿಸಿಲು ಬಂದರೆ, ಎಲ್ಲ ಬಿಟ್ಟು ಬಟ್ಟೆ ಹೊತ್ತು ಅಂಗಳಕ್ಕೆ ಓಡಿ.